ಮಖಮಲ್ಲಿನ ಕೊಂಬು ಗೋಡೆಗೇರುವ ಮುನ್ನ

ಜಿಂಕೆ ತಾನೇ ಒಂದು ದಿನದಲ್ಲಿ ಉಜ್ಜಿ ಎಸೆಯುವ ಚರ್ಮ ಅದು. ಅದನ್ನೇ ಜೀವಮಾನವಿಡೀ ಗೋಡೆಯ ಮೇಲೆ ಉಳಿಸಿಕೊಳ್ಳಬೇಕೆಂದು ಬೇಟೆಗಾರನ ಹಟ. ನೊಣ, ಸೆಕೆ, ಕೊಳೆತ, ಕುದಿನೀರು ಎಲ್ಲವೂ ಎದುರಾಳಿಗಳೇ. ಅಮೆರಿಕದ ಆಗಸ್ಟ್ ಬೇಟೆಯ ಬೆನ್ನಿಗೆ ಶುರುವಾಗುವ ಒಂದು ವಿಚಿತ್ರ ಕಸುಬಿನ ಕಥೆ.

ಆಗಸ್ಟ್ ಕೊನೆಯ ವಾರ. ಅಮೆರಿಕದ ಟೆನೆಸ್ಸಿಯಲ್ಲಿ ಒಂದು ಸೋಯಾ ಹೊಲದ ಅಂಚು. ಬೆಳಗ್ಗೆ ಏಳಕ್ಕೇ ಮೈ ಬೆವರುತ್ತಿದೆ. ಮರದ ಮೇಲಿನ ಅಟ್ಟಣೆಯಲ್ಲಿ ಬಿಲ್ಲು ಹಿಡಿದು ಕೂತವನ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಎದೆಮಟ್ಟ ಬೆಳೆದ ಸೋಯಾ ಗಿಡಗಳ ನಡುವಿನಿಂದ ಮೊದಲು ಕಾಣಿಸುವುದು ಜಿಂಕೆಯಲ್ಲ, ಕೊಂಬು. ಕಂದು ಬಣ್ಣ, ಮೊಂಡು ಅಂಚು, ಮೈತುಂಬ ನವಿರು ರೋಮ. ಓರೆ ಬಿಸಿಲಿಗೆ ಅದರ ಸುತ್ತ ಒಂದು ಹೊಳಪಿನ ಗೆರೆ.

ಬಾಣ ನಾಟಿತು ಎಂದುಕೊಳ್ಳಿ. ಬೇಟೆ ಅಲ್ಲಿಗೆ ಮುಗಿಯಿತು. ಆದರೆ ಅದೇ ಗಳಿಗೆಯಿಂದ ಇನ್ನೊಂದು ಓಟ ಶುರು. ಮಧ್ಯಾಹ್ನದ ಹೊತ್ತಿಗೆ ಬಿಸಿಲು 32 ಡಿಗ್ರಿ ದಾಟುತ್ತದೆ. ನೊಣಗಳು ಅದಕ್ಕೂ ಮೊದಲೇ ಬಂದಿರುತ್ತವೆ.

ಚಳಿಗಾಲದಲ್ಲಿ ಹೊಡೆದ ಜಿಂಕೆಯ ಕೊಂಬಿಗೆ ಈ ತಾಪತ್ರಯ ಯಾವುದೂ ಇಲ್ಲ. ಅದು ಒಣ ಮೂಳೆ. ಮೂಲೆಯಲ್ಲಿಟ್ಟು ಮರೆತರೂ ಹತ್ತು ವರ್ಷದ ನಂತರ ಹಾಗೇ ಸಿಗುತ್ತದೆ. ಬೇಸಿಗೆಯ ಕೊಂಬು ಹಾಗಲ್ಲ. ಮೇಲಿನ ಮಖಮಲ್ಲು ಅಲಂಕಾರಕ್ಕೆ ಹೊದೆಸಿದ್ದೂ ಅಲ್ಲ. ರಕ್ತ ಹರಿಯುವ, ನರ ಮಿಡಿಯುವ ಜೀವಂತ ಚರ್ಮ. ಮುಟ್ಟಿದರೆ ಬೆಚ್ಚಗಿರುತ್ತದೆ. ಗಾಯವಾದರೆ ರಕ್ತ ಸುರಿಯುತ್ತದೆ. ಸತ್ತ ಮೇಲೆ ಮಾಂಸ ಹೇಗೆ ಕೊಳೆಯುತ್ತದೋ ಇದೂ ಹಾಗೇ ಕೊಳೆಯುತ್ತದೆ.

ಮೂಳೆಯ ಮೇಲೊಂದು ಕಾರ್ಖಾನೆ

ಹಸು, ಎಮ್ಮೆ, ಕಾಟಿಗಳ ಕೊಂಬು ಒಮ್ಮೆ ಬಂದರೆ ಸಾಯುವವರೆಗೂ ಇರುತ್ತದೆ. ನಮ್ಮ ಉಗುರಿನ ವಸ್ತುವಿನದೇ ಒಂದು ಕವಚ, ಒಳಗೆ ಮೂಳೆಯ ತಿರುಳು. ಜಿಂಕೆಗಳದ್ದು ಬೇರೆ ಲೆಕ್ಕ. ವರ್ಷಕ್ಕೊಮ್ಮೆ ಕೊಂಬು ಬುಡದಿಂದ ಕಳಚಿ ಬೀಳುತ್ತದೆ, ಮತ್ತೆ ಹೊಸದಾಗಿ ಚಿಗುರುತ್ತದೆ. ಸಸ್ತನಿಗಳಲ್ಲಿ ಒಂದಿಡೀ ಅಂಗ ಹೀಗೆ ವರ್ಷವರ್ಷವೂ ಮರುಹುಟ್ಟುವುದು ಬೇರೆಲ್ಲೂ ಇಲ್ಲ.

ಅಮೆರಿಕದ ಬಿಳಿಬಾಲದ ಜಿಂಕೆಯಲ್ಲಿ ವಸಂತಕ್ಕೆ ಚಿಗುರು, ಆಗಸ್ಟ್ ಕೊನೆಗೆ ಪೂರ್ಣ ಕೊಂಬು. ಅಷ್ಟು ಅವಸರದಲ್ಲಿ ಮೂಳೆ ಕಟ್ಟಲು ತಿಂದ ಮೇವಿನ ಖನಿಜ ಸಾಲದು. ಪ್ರಾಣಿ ತನ್ನ ಪಕ್ಕೆಲುಬುಗಳಿಂದ ಸುಣ್ಣದ ಅಂಶ ಸಾಲ ತಂದು ತಲೆಗೆ ಸಾಗಿಸುತ್ತದೆ. ಬೇಸಿಗೆಯಲ್ಲಿ ಗಂಡಿನ ಪಕ್ಕೆಲುಬು ನಿಜಕ್ಕೂ ಟೊಳ್ಳಾಗುತ್ತದೆ, ಆಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಈ ಸಾಗಾಣಿಕೆಗೆಲ್ಲ ದಾರಿ ಆ ಮಖಮಲ್ಲಿನ ರಕ್ತನಾಳಗಳೇ.

ಹಗಲು ಕಿರಿದಾಗತೊಡಗಿದಂತೆ ಗಂಡಿನ ಮೈಯಲ್ಲಿ ಟೆಸ್ಟೋಸ್ಟಿರಾನ್ ಏರುತ್ತದೆ. ಕೊಂಬು ಗಟ್ಟಿಯಾಗುತ್ತದೆ, ಚರ್ಮಕ್ಕೆ ರಕ್ತ ನಿಲ್ಲುತ್ತದೆ. ಒಂದು ದಿನ ಜಿಂಕೆ ಎಳೆಮರಕ್ಕೆ ತಲೆ ಕೊಟ್ಟು ಉಜ್ಜಲು ಶುರುಮಾಡಿದರೆ ಬಹುಪಾಲು ಮಖಮಲ್ಲು ಇಪ್ಪತ್ತನಾಲ್ಕು ಗಂಟೆಯೊಳಗೆ ಚಿಂದಿಯಾಗಿ ನೇತಾಡುತ್ತದೆ. ನೇತಾಡುವ ಚೂರುಗಳನ್ನು ಕೆಲವು ಜಿಂಕೆಗಳು ತಾವೇ ತಿಂದುಬಿಡುತ್ತವೆ.

ವೃಷಣಕ್ಕೆ ಏಟು ಬಿದ್ದ, ಅಥವಾ ಹಾರ್ಮೋನು ಕೈಕೊಟ್ಟ ಗಂಡಿನಲ್ಲಿ ಈ ಘಟ್ಟ ಬರುವುದೇ ಇಲ್ಲ. ಕೊಂಬು ಉದುರದು, ಮಖಮಲ್ಲೂ ಕಳಚದು, ಗಂಟುಗಂಟಾಗಿ ಬೆಳೆಯುತ್ತಲೇ ಹೋಗುತ್ತದೆ. ಅಮೆರಿಕದ ಬೇಟೆಗಾರರು ಅದಕ್ಕೆ ಕ್ಯಾಕ್ಟಸ್ ಬಕ್ ಎನ್ನುತ್ತಾರೆ. ಡಿಸೆಂಬರ್ ಚಳಿಯಲ್ಲೂ ಅದು ಮಖಮಲ್ಲಿನ ಕೊಂಬು ಹೊತ್ತು ತಿರುಗುತ್ತದೆ.

ಅಂಥದ್ದು ಸಿಗದ ಬೇಟೆಗಾರರಿಗೆ ಉಳಿಯುವುದು ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ದಿನಗಳ ಕಿಂಡಿ. ಸೌತ್ ಕೆರೊಲಿನಾದ ಕರಾವಳಿ ಬಯಲಿನಲ್ಲಿ ಆಗಸ್ಟ್ 15ಕ್ಕೇ ಬೇಟೆ ತೆರೆಯುತ್ತದೆ. ಕೆಂಟಕಿಯಲ್ಲಿ ಬಿಲ್ಲುಗಾರರ ಋತು ಸೆಪ್ಟೆಂಬರಿನ ಮೊದಲ ಶನಿವಾರ. ಟೆನೆಸ್ಸಿಯಂತೂ 2018ರಲ್ಲಿ ಮಖಮಲ್ಲಿನ ಆಸೆಯವರಿಗೆಂದೇ ಆಗಸ್ಟ್ ಕೊನೆಗೆ ಮೂರು ದಿನದ ವಿಶೇಷ ಬೇಟೆ ಶುರುಮಾಡಿತು. ಬಿಲ್ಲುಬಾಣ ಮಾತ್ರ, ಕೊಂಬಿರುವ ಗಂಡು ಮಾತ್ರ.

> ಬಾಕ್ಸ್: ಬೆಳೆಯುವ ವೇಗ
>
> ● ಎಲ್ಕ್ ಜಿಂಕೆಯ ಕೊಂಬು ಬೆಳವಣಿಗೆಯ ಉತ್ತುಂಗದಲ್ಲಿ ದಿನಕ್ಕೆ 2 ಸೆಂ.ಮೀ.ಗೂ ಹೆಚ್ಚು ಉದ್ದವಾಗುತ್ತದೆ.
>
> ● 1974ರಲ್ಲಿ ಹಾರ್ಟ್‌ವಿಗ್ ಮತ್ತು ಶ್ರುಡ್ಡೆ ಎಂಬ ಜರ್ಮನ್ ವಿಜ್ಞಾನಿಗಳು ರೋ ಜಿಂಕೆಯ ಹಣೆಮೂಳೆಯ ಮೇಲಿನ ಪೊರೆಯನ್ನು ತೆಗೆದು ಅದರ ಮುಂಗಾಲಿಗೆ ಕಸಿ ಮಾಡಿದರು. ಕಾಲಿನಲ್ಲಿ ಕೊಂಬು ಬೆಳೆಯಿತು!
>
> ● 2023ರಲ್ಲಿ ಚೀನಾದ ಸಂಶೋಧಕರು ಜಿಂಕೆಗೊಂಬಿನ ಚಿಗುರಿನ ಜೀವಕೋಶಗಳನ್ನು ಇಲಿಯ ತಲೆಗೆ ಸೇರಿಸಿ ಕೊಂಬಿನಂಥ ಪುಟ್ಟ ಮೂಳೆ ಬೆಳೆಸಿ ತೋರಿಸಿದರು.
>
> ● ನ್ಯೂಜಿಲೆಂಡಿನಲ್ಲಿ ಸಾಕಿದ ಜಿಂಕೆಗಳ ಎಳೆ ಕೊಂಬನ್ನು ಅರಿವಳಿಕೆ ಕೊಟ್ಟು ಕತ್ತರಿಸಿ ಚೀನಾ, ಕೊರಿಯಾಗಳ ಔಷಧ ಮಾರುಕಟ್ಟೆಗೆ ಕಳಿಸುತ್ತಾರೆ. ಬ್ರಿಟನ್ನಿನಲ್ಲಿ ಜೀವಂತ ಜಿಂಕೆಯ ಮಖಮಲ್ಲಿನ ಕೊಂಬು ಕತ್ತರಿಸುವುದು 1980ರಿಂದಲೇ ನಿಷಿದ್ಧ.

ಕೊಂಬು ಹಿಡಿದು ಎಳೆಯಬೇಡಿ

ಬಿದ್ದ ಜಿಂಕೆಯ ಬಳಿ ಹೋದವನು ಮೊದಲು ಮಾಡುವುದೇನು? ಕೊಂಬು ಹಿಡಿದು ತಲೆ ಎತ್ತುತ್ತಾನೆ, ಫೋಟೊ ತೆಗೆಸಿಕೊಳ್ಳುತ್ತಾನೆ. ಆಮೇಲೆ ಅದೇ ಕೊಂಬು ಹಿಡಿದು ಗಾಡಿಯವರೆಗೆ ಎಳೆಯುತ್ತಾನೆ. ಸತ್ತ ಪ್ರಾಣಿಯನ್ನು ಕೆಡದಂತೆ ಹದಮಾಡಿ ಮರುರೂಪ ಕೊಡುವ ಟ್ಯಾಕ್ಸಿಡರ್ಮಿ ಕಸುಬಿನವರು ಹಣೆ ಚಚ್ಚಿಕೊಳ್ಳುವುದು ಇಲ್ಲಿಯೇ. ಸೆಕೆಗೆ ಚರ್ಮದ ಅಡಿಯ ಪದರ ಸಡಿಲವಾಗಲು ತಾಸುಗಳು ಸಾಕು. ಆಮೇಲೆ ಬಿಗಿಯಾಗಿ ಹಿಡಿದರೆ ಹಿದುಕಿದ ಅವರೆಯ ಸಿಪ್ಪೆ ಜಾರುವ ಹಾಗೆ ಮಖಮಲ್ಲು ಕೈಗೆ ಬರುತ್ತದೆ. ಹಗ್ಗ ಕಟ್ಟಿದಲ್ಲಿ ಗುರುತು, ಗಾಡಿಯ ಕಬ್ಬಿಣಕ್ಕೆ ತಾಗಿದಲ್ಲಿ ಬೋಳು. ಕಿತ್ತುಹೋದ ರೋಮವನ್ನು ಮತ್ತೆ ನೆಡಲು ಯಾವ ಔಷಧವೂ ಇಲ್ಲ.

ಆದ್ದರಿಂದ ತಲೆಯನ್ನು ಕೊರಳಿನ ಕೆಳಗೆ ಹಿಡಿದು ಎತ್ತಬೇಕು. ನೆರಳಿಗೆ ಒಯ್ಯಬೇಕು. ಆ ದಿನವೇ ಕೆಲಸ ಮಾಡಲು ಆಗದಿದ್ದರೆ ತಲೆಯನ್ನು ಫ್ರೀಜರಿಗೆ ಸೇರಿಸಬೇಕು. ಹೆಪ್ಪುಗಟ್ಟಿದ ಮಖಮಲ್ಲು ಎಷ್ಟೋ ವಾರ ಕಾಯುತ್ತದೆ; ಬಿಸಿಲಿನಲ್ಲಿ ಬಿಟ್ಟದ್ದು ಸಂಜೆಯವರೆಗೂ ಕಾಯುವುದಿಲ್ಲ. ಮನೆಯ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಜಿಂಕೆಯ ತಲೆ ಕಂಡಾಗ ಉಳಿದವರು ಏನೆನ್ನುತ್ತಾರೆ ಎಂಬುದು ಅವರವರ ಮನೆಯ ವಿಚಾರ.

ಕೊಂಬಿನ ವಯಸ್ಸೂ ಮುಖ್ಯ. ಜುಲೈ ತಿಂಗಳ ಕೊಂಬಿನ ತುದಿ ಇನ್ನೂ ಮೃದ್ವಸ್ಥಿ. ಒಳಗೆ ನೀರು, ರಕ್ತವೇ ಹೆಚ್ಚು. ಒಣಗಿದಾಗ ತುದಿ ಸುಕ್ಕಾಗಿ ಮುರುಟಿಕೊಳ್ಳುತ್ತದೆ. ಆಗಸ್ಟ್ ಕೊನೆಗೆ ಒಳಗಿನ ಮೂಳೆ ಗಟ್ಟಿಯಾಗಿ, ಚರ್ಮ ಮಾತ್ರ ಹಸಿಯಾಗಿರುತ್ತದೆ. ಉಳಿಸಲು ಅದೇ ಸರಿಯಾದ ಘಟ್ಟ. ಹತ್ತು ದಿನ ತಡವಾದರೆ ಜಿಂಕೆಯೇ ಅದನ್ನು ಮರಕ್ಕೆ ಉಜ್ಜಿ ಮುಗಿಸಿರುತ್ತದೆ.

ರಕ್ತ ಹೊರಗೆ, ಫಾರ್ಮಲಿನ್ ಒಳಗೆ

ಹೆಚ್ಚು ಬಳಕೆಯಲ್ಲಿರುವ ದಾರಿ ಸಿರಿಂಜಿನದು. ತತ್ವ ಸರಳ: ಕೊಳೆಯುವ ರಕ್ತವನ್ನು ಹೊರಹಾಕು, ಕೊಳೆಯದಂತೆ ಮಾಡುವ ದ್ರಾವಣವನ್ನು ಅದೇ ನಾಳಗಳಲ್ಲಿ ಒಳಗೆ ಬಿಡು.

ತಲೆಯನ್ನು ಕೊಂಬು ಕೆಳಗಾಗಿ ತೂಗುಹಾಕಿ, ಪ್ರತಿ ಕವಲಿನ ತುದಿಯಲ್ಲೂ ಚೂಪು ಸೂಜಿಯಿಂದ ಸಣ್ಣ ತೂತು ಮಾಡುತ್ತಾರೆ. ಕೊಂಬಿನ ಬುಡದಲ್ಲಿ, ಚರ್ಮದಡಿಯ ದಪ್ಪ ರಕ್ತನಾಳಗಳು ಬೆರಳಿಗೆ ಸಿಗುತ್ತವೆ. ಅಲ್ಲಿ ಸೂಜಿ ಚುಚ್ಚಿ ದ್ರಾವಣವನ್ನು ನಿಧಾನ ಒತ್ತಿದರೆ ತುದಿಯ ತೂತುಗಳಿಂದ ಮೊದಲು ಗಾಢ ರಕ್ತ, ಆಮೇಲೆ ತಿಳಿಗೆಂಪು, ಕೊನೆಗೆ ತಿಳಿನೀರು ತೊಟ್ಟಿಕ್ಕುತ್ತದೆ. ಕವಲು ಕವಲಿಗೂ ಇದನ್ನೇ ಮಾಡಬೇಕು. ನಾಳ ಸಿಗದ ಕಡೆ ಚರ್ಮ ಮತ್ತು ಮೂಳೆಯ ನಡುವೆ ಅಲ್ಲಲ್ಲಿ ಚುಚ್ಚುತ್ತಾ ಬರಬೇಕು. ಒಂದು ಕಡೆ ತಪ್ಪಿದರೂ ಮೂರನೇ ವಾರಕ್ಕೆ ಅದೇ ಜಾಗದಿಂದ ವಾಸನೆ ಬರುತ್ತದೆ. ಆಮೇಲೆ ಮೇಲ್ಮೈಯ ರಕ್ತವನ್ನು ತಣ್ಣೀರಿನ ಬಟ್ಟೆಯಿಂದ ಒತ್ತಿ ತೆಗೆದು, ನೆರಳಿನಲ್ಲಿ ಫ್ಯಾನ್ ಗಾಳಿಗೆ ವಾರಗಟ್ಟಲೆ ಒಣಗಿಸಬೇಕು. ಬಟ್ಟೆಯಿಂದ ಉಜ್ಜುವ ಹಾಗಿಲ್ಲ.

ಆ ದ್ರಾವಣವೇ ಫಾರ್ಮಲಿನ್, ಫಾರ್ಮಾಲ್ಡಿಹೈಡ್ ಅನಿಲವನ್ನು ನೀರಿನಲ್ಲಿ ಕರಗಿಸಿದ್ದು. ಅಂಗಡಿಯ ಗಾಢ ದ್ರಾವಣದಲ್ಲಿ ಸುಮಾರು ಶೇ 37ರಷ್ಟು ಫಾರ್ಮಾಲ್ಡಿಹೈಡ್ ಇರುತ್ತದೆ, ಬಳಸುವಾಗ ತೆಳು ಮಾಡುತ್ತಾರೆ. ಅಂಗಾಂಶ ಕೆಡದಂತೆ ಇಡಲು ಅದು ಬರುತ್ತದೆಂದು ಜರ್ಮನಿಯ ಫರ್ಡಿನೆಂಡ್ ಬ್ಲೂಮ್ ಕಂಡುಕೊಂಡದ್ದು 1893ರಲ್ಲಿ. ಬ್ಯಾಕ್ಟೀರಿಯಾ ಮೇಲೆ ಪ್ರಯೋಗ ಮಾಡುತ್ತಿದ್ದವನಿಗೆ ತನ್ನ ಬೆರಳಿನ ಚರ್ಮವೇ ಗಡುಸಾದದ್ದು ಸುಳಿವು ಕೊಟ್ಟಿತಂತೆ. ಪ್ರೋಟೀನುಗಳ ನಡುವೆ ಅದು ಸೇತುವೆ ಕಟ್ಟಿಬಿಡುತ್ತದೆ. ಆಮೇಲೆ ಕೊಳೆಸುವ ಕ್ರಿಮಿಗೆ ಬಾಯಿ ಹಾಕಲು ಜಾಗವಿಲ್ಲ.

ಬೆರಳಿಗೆ ಮಾಡಿದ್ದನ್ನು ಅದು ಕಣ್ಣಿಗೂ ಗಂಟಲಿಗೂ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹೀಗಿರುವಾಗ ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ, ಕೈಗವಸಿಲ್ಲದೆ, ಒತ್ತಡದ ಸಿರಿಂಜಿನಲ್ಲಿ ಇದನ್ನು ತುಂಬಿಕೊಂಡು ಕೂರುವವನ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು. ನಾಳದಲ್ಲಿ ತಡೆಯಿದ್ದರೆ ದ್ರಾವಣ ಹಿಮ್ಮುಖವಾಗಿ ಚಿಮ್ಮಿ ಬರುವುದು ಮುಖಕ್ಕೇ. ಕನ್ನಡಕ, ಗವಸು, ಬಯಲು ಗಾಳಿ ಮೂರೂ ಇಲ್ಲದೆ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಇದೇ ಕಾರಣಕ್ಕೆ ಈಗ ಆಲ್ಕೊಹಾಲ್ ಆಧಾರದ ದ್ರಾವಣಗಳೂ ಬಂದಿವೆ. ದುಡ್ಡಿದ್ದವರು ಫ್ರೀಜ್ ಡ್ರೈಯಿಂಗ್ ಯಂತ್ರ ಇಟ್ಟುಕೊಂಡವರ ಬಳಿ ಹೋಗುತ್ತಾರೆ. ಹೆಪ್ಪುಗಟ್ಟಿದ ತಲೆಯನ್ನು ನಿರ್ವಾತ ಕೋಣೆಯಲ್ಲಿಟ್ಟರೆ ಮಂಜು ನೀರಾಗದೆ ನೇರ ಆವಿಯಾಗಿ ಹೋಗುತ್ತದೆ, ಆಕಾರ ಕುಗ್ಗುವುದಿಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಆದರೆ ಒಣಗಿದ್ದು ಅಷ್ಟೆ, ಹದ ಮಾಡಿದ್ದಲ್ಲ. ಕೀಟಕ್ಕೆ ಅದು ಇನ್ನೂ ಊಟವೇ.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ ದಾರಿ. ನಿಜವಾದ ಮಖಮಲ್ಲನ್ನು ಸುಲಿದು ಎಸೆದು, ಬೋಳು ಕೊಂಬಿಗೆ ಅಂಟು ಬಳಿದು, ನೈಲಾನ್ ನಾರಿನ ಹುಡಿ ಊದಿಬಿಡುವುದು. ಕೈ ಪಳಗಿದವನು ಮಾಡಿದರೆ ಎರಡಡಿ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ನೊಣ ಬರದು, ವಾಸನೆ ಇರದು. ಗೋಡೆಯ ಅಂದಕ್ಕಷ್ಟೇ ಬೇಕಿದ್ದರೆ ಇದಕ್ಕಿಂತ ಸುಲಭದ್ದಿಲ್ಲ. ಆದರೂ ಬೇಟೆಗಾರರು ಇದನ್ನು ಒಲ್ಲದ ಮನಸ್ಸಿನಿಂದಲೇ ಒಪ್ಪುತ್ತಾರೆ. ಅವರಿಗೆ ಬೇಕಾದದ್ದು ಆ ಜಿಂಕೆಯ ಆ ಬೇಸಿಗೆ.

ಬುರುಡೆಗೆ ಕುದಿನೀರು, ಕೊಂಬಿಗೆ ಕೂಡದು

ಇಷ್ಟೆಲ್ಲ ಆದ ಮೇಲೂ ಅರ್ಧ ಕೆಲಸ ಬಾಕಿ. ಚರ್ಮ, ಕಣ್ಣು, ಕಿವಿ ಎಲ್ಲ ಇರುವ ಪೂರ್ಣ ತಲೆಯ ಬದಲು ಬಿಳಿ ಬುರುಡೆಯನ್ನಷ್ಟೇ ಹಲಗೆಗೆ ತೂಗುಹಾಕುವ ಶೈಲಿಗೆ ಯುರೋಪಿಯನ್ ಮೌಂಟ್ ಎಂದು ಹೆಸರು. ಜರ್ಮನ್ ಬೇಟೆಮನೆಗಳ ಗೋಡೆಯಲ್ಲಿ ಸಾಲುಸಾಲು ಕಾಣುವುದು ಇದೇ. ಖರ್ಚು ಕಡಿಮೆ, ಮನೆಯಲ್ಲೇ ಮಾಡಬಹುದು.

ಗಟ್ಟಿ ಕೊಂಬಿನ ಬುರುಡೆಯಾದರೆ ವಿಧಾನ ಗೊತ್ತಿದ್ದದ್ದೇ: ಚರ್ಮ ಸುಲಿ, ಕಣ್ಣು, ನಾಲಗೆ, ಮಿದುಳು ತೆಗೆ, ದೊಡ್ಡ ಪಾತ್ರೆಯಲ್ಲಿ ಸಣ್ಣ ಉರಿಗೆ ಬೇಯಿಸು. ನೀರು ಕೊತಕೊತ ಕುದಿದರೆ ಮೂಳೆಯ ಕೀಲು ಬಿಟ್ಟುಕೊಳ್ಳುತ್ತದೆ, ಕೊಬ್ಬು ಮೂಳೆಯೊಳಕ್ಕೆ ಇಳಿದು ಆಮೇಲೆ ಹಳದಿಯಾಗುತ್ತದೆ. ಅದಕ್ಕೇ ಸಣ್ಣ ಉರಿ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಲ್ಲಿ ನೆನೆಸಿ ಜಿಡ್ಡು ಬಿಡಿಸಿ, ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಳಿ ಮಾಡುವುದು. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚು ಮಾತ್ರ ಬೇಡ. ಅದು ಮೂಳೆಯನ್ನೇ ತಿನ್ನುತ್ತದೆ. ಮೊದಲು ಬೆಳ್ಳಗೆ, ಆಮೇಲೆ ಸುಣ್ಣದ ಹುಡಿ.

ಮಖಮಲ್ಲಿನ ಕೊಂಬು ಮೇಲಿದ್ದರೆ ಈ ಒಂದೊಂದು ಹಂತವೂ ಶತ್ರು. ಬಿಸಿನೀರು ತಾಗಿದರೆ ಚರ್ಮ ಬೆಂದು ಕಳಚುತ್ತದೆ. ನೀರು ತಾಗದಿದ್ದರೂ ಪಾತ್ರೆಯಿಂದೇಳುವ ಹಬೆ ಸಾಕು. ಪೆರಾಕ್ಸೈಡಿನ ಒಂದು ಹನಿ ಸೋರಿದರೆ ಕಂದು ರೋಮ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಕ್ರಮವೇ ತಿರುಗುಮುರುಗು. ಮೊದಲು ಕೊಂಬಿನ ಕೆಲಸ, ಅದು ಪೂರ್ತಿ ಒಣಗಿದ ಮೇಲೆ ಬುರುಡೆಯದು. ಅಷ್ಟರಲ್ಲಿ ಬುರುಡೆಯ ಮಾಂಸ ಒಣಗಿ ಕಲ್ಲಾಗಿರುತ್ತದೆ ಎಂಬುದು ಬೇರೆ ತಲೆನೋವು. ಕೊಂಬಿಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಬುರುಡೆಯನ್ನು ಕೊಂಬಿನ ಬುಡದ ಬಳೆಗಿಂತ ಕೆಳಗಿನವರೆಗೆ ಮಾತ್ರ ಮುಳುಗಿಸಿ, ಪಕ್ಕದಲ್ಲೇ ಕಾವಲು ಕೂರಬೇಕು. ಎರಡು ಕೊಂಬಿನ ನಡುವಿನ ಇಂಚಗಲದ ಜಾಗಕ್ಕೆ ನೀರು ತಲುಪಿಸುವಂತಿಲ್ಲ. ಅಲ್ಲಿನ ಮಾಂಸವನ್ನು ಚಾಕುವಿನ ತುದಿಯಿಂದ ಕೆರೆದೇ ತೆಗೆಯಬೇಕು.

ವಸ್ತುಸಂಗ್ರಹಾಲಯಗಳಲ್ಲಿ ಬುರುಡೆ ಸ್ವಚ್ಛ ಮಾಡುವ ಕೂಲಿಯಾಳುಗಳೇ ಬೇರೆ. ಒಣಮಾಂಸ ತಿನ್ನುವ ಡರ್ಮೆಸ್ಟಿಡ್ ಜೀರುಂಡೆಗಳು. ಪೆಟ್ಟಿಗೆಯೊಳಗೆ ಬುರುಡೆ ಇಟ್ಟರೆ ಮೂಗಿನೊಳಗಿನ ಕಾಗದದಂಥ ಮೂಳೆಗೂ ಧಕ್ಕೆಯಾಗದಂತೆ ತಿಂದು ಮುಗಿಸುತ್ತವೆ. ಆದರೆ ಅವುಗಳಿಗೆ ಮಾಂಸಕ್ಕೂ ಮಖಮಲ್ಲಿಗೂ ಭೇದ ತಿಳಿಯದು. ಕೊಂಬನ್ನು ಬಿಗಿಯಾಗಿ ಮುಚ್ಚದಿದ್ದರೆ ಅದೂ ಖಾಲಿ. ಗೋಡೆಗೇರಿದ ವರ್ಷಗಳ ನಂತರ ಎಲ್ಲಿಂದಲೋ ಹಾರಿಬಂದು ಕೊಂಬಿನ ಕೆಳಗೆ ಕಂದು ಹುಡಿ ಉದುರಿಸುವುದೂ ಇದೇ ಕುಲದ ಜೀರುಂಡೆಗಳೇ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಅಮೆರಿಕದ ಜಿಂಕೆಗಳಲ್ಲಿ ಮಿದುಳು ತೂತುಬೀಳಿಸುವ ಸೊರಗು ರೋಗ ಹರಡಿದೆ. ಮೊದಲು ಕಂಡದ್ದು 1967ರಲ್ಲಿ, ಕೊಲರಾಡೊದ ಒಂದು ಸಂಶೋಧನಾ ಕೇಂದ್ರದಲ್ಲಿ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಅದಕ್ಕೆ ಕಾರಣ. 2009ರಲ್ಲಿ ಎಲ್ಕ್ ಜಿಂಕೆಯ ಮಖಮಲ್ಲಿನಲ್ಲೂ ಆ ಪ್ರಿಯಾನ್ ಇರುವುದು ಪತ್ತೆಯಾಯಿತು. ಅಡುಗೆಯ ಬಿಸಿಗೆ ಅದು ಸಾಯುವುದಿಲ್ಲ, ಫಾರ್ಮಲಿನ್ನಿಗೂ ಜಗ್ಗುವುದಿಲ್ಲ. ಹಾಗಾಗಿ ಎಷ್ಟೋ ರಾಜ್ಯಗಳು ಮಿದುಳು ತೆಗೆದು ಸ್ವಚ್ಛಮಾಡಿದ ಬುರುಡೆಯನ್ನು ಮಾತ್ರ ಗಡಿಯೊಳಗೆ ಬಿಡುತ್ತವೆ.

ನಮ್ಮ ಚುಕ್ಕಿ ಜಿಂಕೆ ಟೆಕ್ಸಾಸಿನಲ್ಲಿ

ಬಂಡೀಪುರ, ನಾಗರಹೊಳೆಗಳಲ್ಲಿ ಒಂದೇ ಹಿಂಡಿನಲ್ಲಿ ಮಖಮಲ್ಲಿನ ಕೊಂಬಿನ ಗಂಡೂ ಗಟ್ಟಿ ಕೊಂಬಿನ ಗಂಡೂ ಒಟ್ಟಿಗೆ ಮೇಯುವುದನ್ನು ಸಫಾರಿಗೆ ಹೋದವರು ನೋಡಿರುತ್ತಾರೆ. ಅಮೆರಿಕದ ಜಿಂಕೆಗಳಂತೆ ಚುಕ್ಕಿ ಜಿಂಕೆಗೆ ಹಗಲಿನ ಉದ್ದದ ಕಟ್ಟುನಿಟ್ಟಿಲ್ಲ. ಒಂದೊಂದರದು ಒಂದೊಂದು ಕ್ಯಾಲೆಂಡರು.

ಅದೇ ಜಿಂಕೆ 1930ರ ದಶಕದಲ್ಲಿ ಟೆಕ್ಸಾಸ್ ಸೇರಿತು. ಅಲ್ಲಿನ ಕಾನೂನಿಗೆ ಅದು ವಿದೇಶಿ ಪ್ರಾಣಿ, ಬೇಟೆಗೆ ಋತುವೇ ಇಲ್ಲ. ಜಮೀನಿನ ಮಾಲೀಕ ಒಪ್ಪಿದರೆ, ಪರವಾನಗಿ ಇದ್ದರೆ, ವರ್ಷದ ಯಾವ ದಿನವಾದರೂ ಹೊಡೆಯಬಹುದು. ಹೀಗಾಗಿ ಟೆಕ್ಸಾಸಿನ ಟ್ಯಾಕ್ಸಿಡರ್ಮಿ ಅಂಗಡಿಗೆ ಮಖಮಲ್ಲಿನ ಕೊಂಬು ಬರಲು ಆಗಸ್ಟಿಗೆ ಕಾಯಬೇಕಾಗಿಲ್ಲ.

ಇತ್ತ ಕರ್ನಾಟಕದಲ್ಲಿ ಈ ಕಸುಬಿಗೆ ಜಗತ್ತೇ ತಿರುಗಿ ನೋಡುವಂಥ ಹೆಸರಿತ್ತು. ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆ 20ನೇ ಶತಮಾನದುದ್ದಕ್ಕೂ ಮಹಾರಾಜರ, ಬ್ರಿಟಿಷ್ ಅಧಿಕಾರಿಗಳ ಹುಲಿ, ಚಿರತೆಗಳಿಗೆ ಕಾಗದದ ತಿರುಳಿನ ಅಚ್ಚಿನ ಮೇಲೆ ಮರುರೂಪ ಕೊಟ್ಟಿತು. ಯೂಜೀನ್ ವ್ಯಾನ್ ಇಂಗನ್ ಶುರುಮಾಡಿದ್ದನ್ನು ಮಕ್ಕಳು ನಡೆಸಿದರು. ಬೋಥಾ, ಡಿ ವೆಟ್, ಜೌಬರ್ಟ್ ಎಂದು ಅವರಿಗೆ ದಕ್ಷಿಣ ಆಫ್ರಿಕಾದ ಬೋವರ್ ಸೇನಾಪತಿಗಳ ಹೆಸರು. ಕೊನೆಯವರಾದ ಜೌಬರ್ಟ್ ನೂರು ವರ್ಷ ಬಾಳಿ 2013ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಕೊಡಗು, ಮಲೆನಾಡಿನ ಹಳೆ ಮನೆಗಳ ಜಗಲಿಯಲ್ಲಿ ಟೋಪಿ ಸಿಕ್ಕಿಸಲು, ಕೋವಿ ಒರಗಿಸಲು ಬಳಸಿದ ಕಡವೆ ಕೊಂಬುಗಳನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯಬಹುದು: ಅವೆಲ್ಲ ಬೋಳು ಕೊಂಬುಗಳೇ. ಮಳೆಗಾಲದ ಶೀತಕ್ಕೆ ಮಖಮಲ್ಲು ಬೂಸ್ಟು ಹಿಡಿಯದೆ ಉಳಿಯುವುದು ಕಷ್ಟ ಎಂಬುದು ಒಂದು. ಮಖಮಲ್ಲಿನ ಕೊಂಬಿನ ಗಂಡನ್ನು ಹೊಡೆಯಬಾರದೆಂಬ ಷರತ್ತು ಬ್ರಿಟಿಷರ ಕಾಲದ ಶಿಕಾರಿ ನಿಯಮಗಳಲ್ಲಿ ಹಲವೆಡೆ ಇತ್ತೆಂಬುದು ಇನ್ನೊಂದು. ಬೆಳೆಯುವ ಕೊಂಬಿಗೆ ಗುರಿಯಿಡುವುದು ಅಂದಿನ ಶಿಕಾರಿಗಳ ಕಣ್ಣಿನಲ್ಲಿ ಹೆಮ್ಮೆಯ ಕೆಲಸವಾಗಿರಲಿಲ್ಲ. ಇಂದಿನ ಟೆನೆಸ್ಸಿಯಲ್ಲಿ ಅದೇ ಹೆಮ್ಮೆ.

> ಬಾಕ್ಸ್: ಇಲ್ಲಿ ಬಿದ್ದ ಕೊಂಬೂ ಮುಟ್ಟುವಂತಿಲ್ಲ
>
> ● 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ‘ಟ್ರೋಫಿ’ ಪಟ್ಟಿಯಲ್ಲಿ ಜಿಂಕೆಯ ಕೊಂಬು, ಮೂಳೆ, ಉಗುರು, ಹಲ್ಲು ಎಲ್ಲವೂ ಇವೆ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನು ಮನೆಗೆ ತಂದರೂ ಅಪರಾಧವೇ.
>
> ● ಅಜ್ಜನ ಕಾಲದ ಟ್ರೋಫಿಗಳನ್ನು ಘೋಷಿಸಿಕೊಳ್ಳಲು ಕೇಂದ್ರ ಸರ್ಕಾರ 2003ರಲ್ಲಿ 180 ದಿನಗಳ ಅವಕಾಶ ಕೊಟ್ಟಿತ್ತು.
>
> ● 2023ರ ಅಕ್ಟೋಬರಿನಲ್ಲಿ ಟಿ.ವಿ. ಕಾರ್ಯಕ್ರಮದ ಸ್ಪರ್ಧಿಯೊಬ್ಬರು ಹುಲಿ ಉಗುರಿನ ಪದಕ ಧರಿಸಿ ಬಂಧನಕ್ಕೊಳಗಾದ ಮೇಲೆ ರಾಜ್ಯದ ಎಷ್ಟೋ ಮನೆಗಳವರು ತಮ್ಮ ಗೋಡೆಗಳತ್ತ ತಿರುಗಿ ನೋಡುವಂತಾಯಿತು.

ಅಳತೆಪಟ್ಟಿಯ ತಕರಾರು

ಇಷ್ಟು ಪಾಡುಪಟ್ಟು ಉಳಿಸಿದ ಕೊಂಬು ದಾಖಲೆ ಪುಸ್ತಕಕ್ಕೆ ಸೇರುತ್ತದೆಯೇ? ಬಿಲ್ಲುಬೇಟೆಯ ದಾಖಲೆ ಇಡುವ ಪೋಪ್ ಅಂಡ್ ಯಂಗ್ ಕ್ಲಬ್ ಮಖಮಲ್ಲಿನ ಕೊಂಬುಗಳಿಗೆಂದೇ ಬೇರೆ ವಿಭಾಗ ಇಟ್ಟಿದೆ.

ಆದರೆ ಅಮೆರಿಕದ ಬೇಟೆಗಾರರು ತಲೆಬಾಗುವ ದೊಡ್ಡ ಪುಸ್ತಕ ಬೂನ್ ಅಂಡ್ ಕ್ರಾಕೆಟ್ ಕ್ಲಬ್‌ನದು. 1887ರಲ್ಲಿ ಅದನ್ನು ಕಟ್ಟಿದವರಲ್ಲಿ ಮುಂದೆ ಅಧ್ಯಕ್ಷರಾದ ಥಿಯೊಡರ್ ರೂಸ್‌ವೆಲ್ಟ್ ಮುಂಚೂಣಿಯಲ್ಲಿದ್ದರು. ಆ ಕ್ಲಬ್ಬಿನ ಅಳತೆಗಾರ ಅರವತ್ತು ದಿನ ಗಾಳಿಗೆ ಒಣಗಿದ ಕೊಂಬಿಗಷ್ಟೇ ಪಟ್ಟಿ ಹಿಡಿಯುತ್ತಾನೆ. ಚರ್ಮದ ದಪ್ಪವೂ ಅಳತೆಗೆ ಸೇರಿದರೆ ಲೆಕ್ಕ ಸುಳ್ಳಾಗುತ್ತದಲ್ಲ? ಹಾಗಾಗಿ ಸಿರಿಂಜು, ಫಾರ್ಮಲಿನ್, ಫಾಯಿಲ್ ಎಲ್ಲ ದಾಟಿ ಬಂದವನಿಗೂ ಅಳತೆಗಾರ ಹೇಳುವುದು ಒಂದೇ ಮಾತು: ಮಖಮಲ್ಲು ಪೂರ್ತಿ ಸುಲಿದು ತನ್ನಿ.